ಸೂಚ್ಯಂಕದ ಸೂತ್ರದೊಳಗಿರುವ ಊಹೆ: ಎರ್ವಿನ್ ಡೀವರ್ಟ್ ಅವರ ಅರ್ಧ ಶತಮಾನದ ಕೆಲಸ

ಪ್ರಶ್ನೆ: ನಾನು ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಪದವಿಯಲ್ಲಿ ಸೂಚ್ಯಂಕದ, ಅಂದರೆ ಹಲವು ಸರಕುಗಳ ಬೆಲೆ ಬದಲಾವಣೆಯನ್ನು ಒಂದೇ ಅಂಕಿಯಲ್ಲಿ ಹೇಳುವ ಲೆಕ್ಕದ, ಪಾಠ ಎರಡೇ ತರಗತಿಗಳಲ್ಲಿ ಮುಗಿದುಹೋಗಿತ್ತು. ಲಾಸ್ಪೇರ್ಸ್, ಪಾಶೆ, ಫಿಶರ್ ಎಂಬ ಮೂರು ಸೂತ್ರಗಳು, ಒಂದೆರಡು ಲೆಕ್ಕಗಳು, ಅಷ್ಟೇ. ಕೆನಡಾದ ಎರ್ವಿನ್ ಡೀವರ್ಟ್ ಎಂಬ ಪ್ರಾಧ್ಯಾಪಕರು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಈ ವಿಷಯದ ಸುತ್ತಲೇ ಕೆಲಸ ಮಾಡಿದ್ದಾರೆಂದು ಈಚೆಗೆ ಓದಿದೆ. ಸರಾಸರಿ ತೆಗೆಯುವ ಲೆಕ್ಕದಲ್ಲಿ ಅಷ್ಟು ವರ್ಷ ಹುಡುಕುವಂಥದ್ದೇನಿದೆ? ನನ್ನ ತಂದೆಗೆ ಬರುವ ತುಟ್ಟಿಭತ್ಯೆಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಸಂಬಂಧವಿದೆ, ಆದರೆ ಅದನ್ನು ವಿವರಿಸುವ ಮೊದಲು ನಿಮ್ಮ ಮೊದಲನೆಯ ಪ್ರಶ್ನೆಯನ್ನು ತೆಗೆದುಕೊಳ್ಳಬೇಕು. ಎಲ್ಲ ಸರಕುಗಳ ಬೆಲೆಯೂ ಒಂದೇ ಪ್ರಮಾಣದಲ್ಲಿ ಏರುವುದಾದರೆ ನೀವು ಹೇಳಿದ್ದು ಸರಿ. ಎಲ್ಲವೂ ಶೇ. 10ರಷ್ಟು ಏರಿದರೆ, ಮೊದಲಿನ ಮಟ್ಟವನ್ನು 100 ಎಂದಿಟ್ಟುಕೊಂಡು ಯಾವ ಸೂತ್ರ ಹಿಡಿದರೂ ಉತ್ತರ 110 ಎಂದೇ ಬರುತ್ತದೆ, ಅಲ್ಲಿ ಅಧ್ಯಯನ ಮಾಡಲು ಏನೂ ಇಲ್ಲ. ತೊಡಕು ಶುರುವಾಗುವುದು ಒಂದರ ಬೆಲೆ ಏರಿ ಇನ್ನೊಂದರದು ಇದ್ದಲ್ಲೇ ಇದ್ದಾಗ, ಮತ್ತು ಅದನ್ನು ಕಂಡ ಗ್ರಾಹಕರು ಒಂದನ್ನು ಬಿಟ್ಟು ಇನ್ನೊಂದರ ಕಡೆಗೆ ಹೊರಳಿದಾಗ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಒಂದು ಮನೆಯವರು ಮೊದಲ ತಿಂಗಳು ಕಿಲೋಗೆ 20 ರೂಪಾಯಿಯಂತೆ 6 ಕಿಲೋ ಟೊಮೆಟೊ, 40 ರೂಪಾಯಿಯಂತೆ 2 ಕಿಲೋ ಬೀನ್ಸ್ ಕೊಂಡರು. ಖರ್ಚು 200 ರೂಪಾಯಿ. ಮುಂದಿನ ತಿಂಗಳು ಟೊಮೆಟೊ 80 ರೂಪಾಯಿಗೆ ಏರಿತು, ಬೀನ್ಸ್ 40ರಲ್ಲೇ ಉಳಿಯಿತು. ಮನೆಯವರು ಟೊಮೆಟೊವನ್ನು 2 ಕಿಲೋಗೆ ಇಳಿಸಿ, ಬೀನ್ಸನ್ನು 5 ಕಿಲೋಗೆ ಏರಿಸಿ, 360 ರೂಪಾಯಿ ಖರ್ಚು ಮಾಡಿದರು. ಲಾಸ್ಪೇರ್ಸ್ ಸೂತ್ರ ಹಳೆಯ ಬುಟ್ಟಿಯನ್ನೇ ಹೊಸ ಬೆಲೆಗೆ ಕೊಳ್ಳುತ್ತದೆ: 200 ರೂಪಾಯಿಯ ಬುಟ್ಟಿಗೆ ಈಗ 560 ರೂಪಾಯಿ, ಸೂಚ್ಯಂಕ 280. ಪಾಶೆ ಸೂತ್ರ ಹೊಸ ಬುಟ್ಟಿಯನ್ನು ಎರಡೂ ಬೆಲೆಗಳಲ್ಲಿ ತೂಗುತ್ತದೆ: ಹಳೆಯ ಬೆಲೆಯಲ್ಲಿ 240, ಹೊಸ ಬೆಲೆಯಲ್ಲಿ 360, ಸೂಚ್ಯಂಕ 150. ಅದೇ ಮನೆ, ಅದೇ ಸಂತೆ, ಅವೇ ಚೀಟಿಗಳು. ಒಂದು ಸೂತ್ರ ಬೆಲೆ ಸುಮಾರು ಮೂರು ಪಟ್ಟಾಯಿತು ಎನ್ನುತ್ತದೆ, ಇನ್ನೊಂದು ಒಂದೂವರೆ ಪಟ್ಟು ಎನ್ನುತ್ತದೆ. ಇವೆರಡರ ಗುಣಲಬ್ಧದ ವರ್ಗಮೂಲ ತೆಗೆಯುವ ಫಿಶರ್ ಸೂತ್ರಕ್ಕೆ ಉತ್ತರ 205. ಲೆಕ್ಕದಲ್ಲಿ ಯಾರೂ ತಪ್ಪಿಲ್ಲ. ಹಾಗಾದರೆ ಯಾವುದನ್ನು ನಂಬಬೇಕು, ಏಕೆ?

ಈ ಪ್ರಶ್ನೆ ಹಳೆಯದು. ಲಾಸ್ಪೇರ್ಸ್ ತನ್ನ ಸೂತ್ರವನ್ನು 1871ರಲ್ಲಿ, ಪಾಶೆ 1874ರಲ್ಲಿ ಮಂಡಿಸಿದರು. ಅಮೆರಿಕದ ಇರ್ವಿಂಗ್ ಫಿಶರ್ 1922ರಲ್ಲಿ ನೂರಕ್ಕೂ ಹೆಚ್ಚು ಸೂತ್ರಗಳನ್ನು ಸಾಲಾಗಿ ನಿಲ್ಲಿಸಿ, ಒಳ್ಳೆಯ ಸೂತ್ರಕ್ಕೆ ಇರಬೇಕಾದ ಗುಣಗಳೆಂದು ಕೆಲವು ಪರೀಕ್ಷೆಗಳನ್ನು ಒಡ್ಡಿ, ಈಗ ಅವರ ಹೆಸರಿನಿಂದಲೇ ಕರೆಯುವ ವರ್ಗಮೂಲದ ಸೂತ್ರವನ್ನು ಆದರ್ಶವೆಂದು ಸಾರಿದರು. ಕಾಲವನ್ನು ಹಿಂದುಮುಂದಾಗಿಸಿದರೆ ಸೂಚ್ಯಂಕವೂ ತಲೆಕೆಳಗಾಗಬೇಕು ಎಂಬುದು ಆ ಪರೀಕ್ಷೆಗಳಲ್ಲಿ ಮುಖ್ಯವಾದದ್ದು. ಇದು ಒಂದು ಪಂಥ. ಇನ್ನೊಂದು ಪಂಥದ ಮೂಲ ಸೋವಿಯತ್ ಅರ್ಥಶಾಸ್ತ್ರಜ್ಞ ಕೊನ್ಯೂಸ್ 1924ರಲ್ಲಿ ಬರೆದ ಲೇಖನ. ಬುಟ್ಟಿಯನ್ನು ಬಿಡಿ, ಮೊದಲಿನಷ್ಟೇ ತೃಪ್ತಿಯ ಮಟ್ಟದಲ್ಲಿ ಬದುಕಲು ಈಗ ಕನಿಷ್ಠ ಎಷ್ಟು ಹಣ ಬೇಕು ಎಂಬುದನ್ನು ಅಳೆಯಿರಿ, ಅದೇ ನಿಜವಾದ ಜೀವನವೆಚ್ಚ ಸೂಚ್ಯಂಕ ಎಂದು ಅವರು ವಾದಿಸಿದರು. ಅರ್ಥಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ಸರಿಯಾದ ಮಾತಿಲ್ಲ. ಆದರೆ ತೃಪ್ತಿಯನ್ನು ಯಾರು ಕಂಡಿದ್ದಾರೆ? ಅಂಕಿಅಂಶ ಇಲಾಖೆಯ ಕೈಯಲ್ಲಿರುವುದು ಬೆಲೆ ಮತ್ತು ಪ್ರಮಾಣ ಮಾತ್ರ, ತುಷ್ಟಿಗುಣದ ಫಲನವಲ್ಲ, ಅಂದರೆ ಯಾವ ಬುಟ್ಟಿಯಿಂದ ಎಷ್ಟು ತೃಪ್ತಿ ಎಂದು ಹೇಳುವ ಗಣಿತದ ಸಂಬಂಧವಲ್ಲ. ಹೀಗಾಗಿ ಒಂದು ಪಂಥದ ಬಳಿ ಸೂತ್ರವಿತ್ತು, ಅದಕ್ಕೆ ಆರ್ಥಿಕ ಅರ್ಥವಿರಲಿಲ್ಲ. ಇನ್ನೊಂದರ ಬಳಿ ಅರ್ಥವಿತ್ತು, ಲೆಕ್ಕ ಹಾಕುವ ದಾರಿಯಿರಲಿಲ್ಲ.

ಇವೆರಡರ ನಡುವೆ ಗಟ್ಟಿಯಾದ ಸೇತುವೆ ಕಟ್ಟಿದ್ದು ಡೀವರ್ಟ್ ಅವರ ಮುಖ್ಯ ಕೊಡುಗೆ. ವ್ಯಾಂಕೂವರ್‌ನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, ಅಲ್ಲಿಂದ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋಗಿ, 1969ರಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದವರು ಅವರು. ಬರ್ಕ್ಲಿಯಲ್ಲಿ ಅವರಿಗೆ ಮಾರ್ಗದರ್ಶಕರಾಗಿದ್ದವರು ಡೇನಿಯಲ್ ಮೆಕ್‌ಫ್ಯಾಡನ್, ಅಂದರೆ 2000ದಲ್ಲಿ ನೊಬೆಲ್ ಪಡೆದ ಅದೇ ಮೆಕ್‌ಫ್ಯಾಡನ್. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಪಾಠ ಮಾಡಿ 1970ರಲ್ಲಿ ಅವರು ವ್ಯಾಂಕೂವರ್‌ಗೆ ಮರಳಿದರು. ನಂತರದ ವೃತ್ತಿಜೀವನವೆಲ್ಲ ಮುಖ್ಯವಾಗಿ ಅಲ್ಲೇ ನಡೆಯಿತು. ಆಮೇಲಿನ ವರ್ಷಗಳಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ನಂಟೂ ಸೇರಿತು.

ಡಾಕ್ಟರೇಟ್ ಕಾಲದಲ್ಲಿ ಅವರು ಹಿಡಿದದ್ದು ಸೂಚ್ಯಂಕವನ್ನಲ್ಲ, ಉತ್ಪಾದನಾ ಫಲನದ, ಅಂದರೆ ದುಡಿಮೆ, ಯಂತ್ರದಂಥ ಹೂಡುವಳಿಗಳಿಂದ ಎಷ್ಟು ಉತ್ಪನ್ನ ಬರುತ್ತದೆ ಎಂದು ಹೇಳುವ ಸೂತ್ರದ, ರೂಪವನ್ನು. ಆಗ ಬಳಕೆಯಲ್ಲಿದ್ದ ಕಾಬ್-ಡಗ್ಲಸ್ ಫಲನ ಒಂದು ಹೂಡುವಳಿಗೆ ಬದಲಾಗಿ ಇನ್ನೊಂದನ್ನು ಬಳಸುವ ಸಾಧ್ಯತೆಯನ್ನು ಮೊದಲೇ ಒಂದು ಮಟ್ಟದಲ್ಲಿ ಕಟ್ಟಿಹಾಕುತ್ತದೆ. ಲಿಯಾಂಟಿಫ್ ಫಲನ ಅಂಥ ಬದಲಾವಣೆಯೇ ಇಲ್ಲವೆನ್ನುತ್ತದೆ. ಅಂಕಿಅಂಶಗಳು ಹೇಳಬೇಕಾದದ್ದನ್ನು ಸೂತ್ರವೇ ಮುಂಚಿತವಾಗಿ ಹೇಳಿಬಿಟ್ಟರೆ ಅಂದಾಜು ಮಾಡುವುದೇನು ಉಳಿಯಿತು? ವೆಚ್ಚದ ಫಲನ ಗೊತ್ತಿದ್ದರೆ ಅದರ ಹಿಂದಿರುವ ಉತ್ಪಾದನಾ ತಂತ್ರವೂ ತಿಳಿಯುತ್ತದೆ ಎಂಬ ಶೆಫರ್ಡ್ ಅವರ ಡ್ಯುಯಾಲಿಟಿ ಸಿದ್ಧಾಂತವನ್ನು ಬಳಸಿ, ಡೀವರ್ಟ್ 1971ರಲ್ಲಿ ಜನರಲೈಸ್ಡ್ ಲಿಯಾಂಟಿಫ್ ಎಂಬ ಹೊಸ ವೆಚ್ಚ ಫಲನವನ್ನು ಕೊಟ್ಟರು. ಯಾವುದೇ ನಿಜವಾದ ಫಲನವನ್ನು ಒಂದು ಬಿಂದುವಿನ ಆಸುಪಾಸಿನಲ್ಲಿ ಎರಡನೆಯ ದರ್ಜೆಯವರೆಗೆ, ಅಂದರೆ ಇಳಿಜಾರಷ್ಟೇ ಅಲ್ಲ ಬಾಗುವಿಕೆಯನ್ನೂ ಸೇರಿಸಿ, ಹೋಲಬಲ್ಲ ಫಲನವಿದು. ಇಂಥವುಗಳಿಗೆ ಫ್ಲೆಕ್ಸಿಬಲ್ ರೂಪಗಳೆಂಬ ಹೆಸರು ಬಂತು.

ಐದು ವರ್ಷಗಳ ನಂತರ, 1976ರಲ್ಲಿ, ಜರ್ನಲ್ ಆಫ್ ಇಕನಾಮೆಟ್ರಿಕ್ಸ್ ಪತ್ರಿಕೆಯಲ್ಲಿ ಅವರ ಅತಿ ಪ್ರಸಿದ್ಧ ಲೇಖನ ಬಂತು. ಅದರ ತಿರುಳು ಇಷ್ಟು: ಪ್ರತಿಯೊಂದು ಸೂಚ್ಯಂಕ ಸೂತ್ರದ ಹಿಂದೆಯೂ ಗ್ರಾಹಕರ ನಡವಳಿಕೆಯ ಬಗ್ಗೆ ಒಂದು ಊಹೆ ಇದೆ. ಲಾಸ್ಪೇರ್ಸ್ ಮತ್ತು ಪಾಶೆ ಸೂತ್ರಗಳು, ಬೆಲೆ ಏನೇ ಆದರೂ ಜನ ಸರಕುಗಳನ್ನು ಒಂದೇ ಅನುಪಾತದಲ್ಲಿ ಕೊಳ್ಳುತ್ತಾರೆ ಎಂಬ ಊಹೆಯಲ್ಲಿ ಮಾತ್ರ ಕರಾರುವಾಕ್ಕಾಗಿ ಸರಿ. ಫಿಶರ್ ಸೂತ್ರ ವರ್ಗರೂಪದ ಒಂದು ಫ್ಲೆಕ್ಸಿಬಲ್ ಫಲನಕ್ಕೆ ಸರಿಹೊಂದುತ್ತದೆ. ಪ್ರತಿ ಸರಕಿನ ಖರ್ಚಿನ ಪಾಲನ್ನು ಎರಡೂ ಅವಧಿಗಳಿಂದ ತೆಗೆದು ಸರಾಸರಿ ಮಾಡಿ ತೂಗುವ ಟಾರ್ನ್‌ಕ್ವಿಸ್ಟ್ ಸೂತ್ರ ಟ್ರಾನ್ಸ್‌ಲಾಗ್ ಎಂಬ ಇನ್ನೊಂದು ಫ್ಲೆಕ್ಸಿಬಲ್ ಫಲನಕ್ಕೆ. ಹೀಗೆ ಫ್ಲೆಕ್ಸಿಬಲ್ ಫಲನಕ್ಕೆ ಕರಾರುವಾಕ್ಕಾಗಿ ಹೊಂದುವ ಸೂಚ್ಯಂಕಗಳನ್ನು ಅವರು ಸೂಪರ್ಲೇಟಿವ್ ಎಂದು ಕರೆದರು. ಫಿಶರ್ ಸೂತ್ರಕ್ಕೆ ಸಂಬಂಧಿಸಿದ ಭಾಗವನ್ನು ಕೊನ್ಯೂಸ್ ಮತ್ತು ಬ್ಯೂಶ್ಗೆನ್ಸ್ 1926ರಲ್ಲೇ ರಷ್ಯನ್ ಭಾಷೆಯಲ್ಲಿ ತೋರಿಸಿದ್ದರು, ಡೀವರ್ಟ್ ಅದನ್ನು ಹೆಸರಿಸಿಯೇ ಮುಂದೆ ಹೋದರು. ತೃಪ್ತಿಯನ್ನು ಅಳೆಯದೆಯೇ, ಬರೀ ಬೆಲೆ ಮತ್ತು ಪ್ರಮಾಣಗಳಿಂದ ಕೊನ್ಯೂಸ್ ಸೂಚ್ಯಂಕದ ಹತ್ತಿರಕ್ಕೆ ಹೋಗಬಹುದು ಎಂಬುದು ಇದರಿಂದ ಖಚಿತವಾಯಿತು.

ಸೂಪರ್ಲೇಟಿವ್ ಸೂತ್ರಗಳೇ ಹಲವಾರು ಇರುವಾಗ ಯಾವುದನ್ನು ಆರಿಸಬೇಕು ಎಂದು ನೀವು ಕೇಳಬಹುದು. 1978ರಲ್ಲಿ ಇಕನಾಮೆಟ್ರಿಕಾ ಪತ್ರಿಕೆಯಲ್ಲಿ ಅವರು ಕೊಟ್ಟ ಉತ್ತರ, ಬೆಲೆ ಮತ್ತು ಪ್ರಮಾಣಗಳು ಅತಿಯಾಗಿ ಬದಲಾಗದಿದ್ದರೆ ಇವೆಲ್ಲ ಒಂದನ್ನೊಂದು ಎರಡನೆಯ ದರ್ಜೆಯವರೆಗೆ ಹೋಲುತ್ತವೆ ಎಂಬುದು. ನಮ್ಮ ಟೊಮೆಟೊ ಲೆಕ್ಕದಲ್ಲೇ ನೋಡಿ: ಖರ್ಚಿನಲ್ಲಿ ಟೊಮೆಟೊ ಪಾಲು ಮೊದಲು ಶೇ. 60, ಆಮೇಲೆ ಸುಮಾರು ಶೇ. 44, ಸರಾಸರಿ ಶೇ. 52. ಇದರಿಂದ ಬರುವ ಟಾರ್ನ್‌ಕ್ವಿಸ್ಟ್ ಸೂಚ್ಯಂಕ 206. ಬೆಲೆ ನಾಲ್ಕು ಪಟ್ಟಾದರೂ ಫಿಶರ್ ಸೂತ್ರದ 205ಕ್ಕೂ ಇದಕ್ಕೂ ಒಂದೇ ಅಂಕದ ಅಂತರ. ಲಾಸ್ಪೇರ್ಸ್ ಮತ್ತು ಪಾಶೆ ನಡುವಿನ ಅಂತರ 130. ಸೂಪರ್ಲೇಟಿವ್ ಕುಟುಂಬದ ಎಲ್ಲ ಸದಸ್ಯರೂ ಇಷ್ಟು ಸಾಧುವಲ್ಲ, ಅದರ ಅಂಚಿನಲ್ಲಿರುವ ಸೂತ್ರಗಳು ದೂರ ಸರಿದುಬಿಡುತ್ತವೆ ಎಂದು 2006ರಲ್ಲಿ ರಾಬರ್ಟ್ ಹಿಲ್ ತೋರಿಸಿದರು. ಆ ಟೀಕೆ ನ್ಯಾಯವಾದದ್ದೇ, ಆದರೆ ಅಂಕಿಅಂಶ ಸಂಸ್ಥೆಗಳು ಬಳಸುವ ಸೂತ್ರಗಳನ್ನು ಅದು ಅಲುಗಿಸಲಿಲ್ಲ.

ಸಾಮಾನ್ಯವಾಗಿ ಇಷ್ಟು ಸಾಧಿಸಿದ ಸಿದ್ಧಾಂತಿ ಬೇರೆ ವಿಷಯಕ್ಕೆ ಹೊರಳುತ್ತಾನೆ. ಡೀವರ್ಟ್ ಅವರು ಅಂಕಿಅಂಶ ಕಚೇರಿಗಳ ಕಡೆಗೆ ನಡೆದರು, ನನ್ನ ದೃಷ್ಟಿಯಲ್ಲಿ ಅವರ ವೃತ್ತಿಜೀವನದ ವಿಶೇಷವೇ ಅದು. ಕೇವ್ಸ್, ಕ್ರಿಸ್ಟೆನ್ಸನ್ ಅವರೊಂದಿಗೆ 1982ರಲ್ಲಿ ಬರೆದ ಲೇಖನ ಉತ್ಪಾದಕತೆಯ ಅಳತೆಗೆ ಇದೇ ತರ್ಕವನ್ನು ಒಯ್ದಿತು; ಮಾಲ್ಮ್‌ಕ್ವಿಸ್ಟ್ ಉತ್ಪಾದಕತಾ ಸೂಚ್ಯಂಕ ಎಂದು ನಿಮ್ಮ ಪಠ್ಯದಲ್ಲಿ ಬರುವುದರ ಮೂಲ ಅಲ್ಲಿದೆ. ಅಮೆರಿಕದ ರಾಷ್ಟ್ರೀಯ ಲೆಕ್ಕಪತ್ರ ವಿಭಾಗ 1996ರಲ್ಲಿ ಸ್ಥಿರ ಆಧಾರ ವರ್ಷದ ತೂಕಗಳನ್ನು ಕೈಬಿಟ್ಟು, ವರ್ಷದಿಂದ ವರ್ಷಕ್ಕೆ ಕೊಂಡಿ ಹಾಕುವ ಫಿಶರ್ ಸೂತ್ರಕ್ಕೆ ಬದಲಾಯಿತು. ಕಂಪ್ಯೂಟರ್‌ಗಳ ಬೆಲೆ ಪ್ರತಿವರ್ಷ ಕುಸಿಯುತ್ತಿದ್ದಾಗ ಅವನ್ನು ಹಳೆಯ ದುಬಾರಿ ಬೆಲೆಯಲ್ಲಿ ತೂಗಿದರೆ ದೇಶದ ಬೆಳವಣಿಗೆ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತಿತ್ತು. 2002ರಲ್ಲಿ ಅಲ್ಲಿನ ಕಾರ್ಮಿಕ ಅಂಕಿಅಂಶ ಸಂಸ್ಥೆ ಟಾರ್ನ್‌ಕ್ವಿಸ್ಟ್ ಆಧಾರದ ಇನ್ನೊಂದು ಗ್ರಾಹಕ ಬೆಲೆ ಸೂಚ್ಯಂಕವನ್ನು ಪ್ರಕಟಿಸತೊಡಗಿತು. 2018ರಿಂದ ಅಮೆರಿಕದ ಆದಾಯ ತೆರಿಗೆಯ ಮಿತಿಗಳು ಏರುವುದು ಅದರ ಪ್ರಕಾರ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2004ರಲ್ಲಿ ಹೊರತಂದ ಗ್ರಾಹಕ ಬೆಲೆ ಸೂಚ್ಯಂಕದ ಕೈಪಿಡಿಯಲ್ಲಿ ಸಿದ್ಧಾಂತದ ಅಧ್ಯಾಯಗಳ ಬಹುಭಾಗ ಡೀವರ್ಟ್ ಅವರ ಬರವಣಿಗೆ.

ಆದರೆ ಮೇಲಿನದೆಲ್ಲ ಪ್ರಮಾಣಗಳು ಗೊತ್ತಿರುವಾಗಿನ ಮಾತು. ಸೂಚ್ಯಂಕದ ತಳಮಟ್ಟದಲ್ಲಿ, ಅಂದರೆ ಒಂದು ಊರಿನ ಹತ್ತು ಅಂಗಡಿಗಳಿಂದ ಒಂದೇ ಬಗೆಯ ಅಕ್ಕಿಯ ಬೆಲೆ ತರುವಾಗ, ಯಾವ ಅಂಗಡಿಯಲ್ಲಿ ಎಷ್ಟು ಮಾರಾಟವಾಯಿತು ಎಂಬುದು ಬೆಲೆ ಬರೆದುಕೊಳ್ಳುವವರಿಗೆ ತಿಳಿಯುವುದಿಲ್ಲ. ಅಲ್ಲಿ ತೂಕವಿಲ್ಲದ ಸರಾಸರಿಯೇ ಗತಿ. ಬೆಲೆಗಳ ಅನುಪಾತಗಳನ್ನು ಕೂಡಿ ಭಾಗಿಸುವುದು 1764ರಲ್ಲಿ ಇಟಲಿಯ ಕಾರ್ಲಿ ಬಳಸಿದ ವಿಧಾನ. ಅನುಪಾತಗಳ ಗುಣೋತ್ತರ ಸರಾಸರಿ ತೆಗೆಯುವುದು, ಅಂದರೆ ಅವನ್ನು ಗುಣಿಸಿ ಮೂಲ ತೆಗೆಯುವುದು, ಜೆವನ್ಸ್ ವಿಧಾನ. ಒಂದು ಅಂಗಡಿಯಲ್ಲಿ ಬೆಲೆ 10ರಿಂದ 20ಕ್ಕೆ ಏರಿತು, ಇನ್ನೊಂದರಲ್ಲಿ 20ರಿಂದ 10ಕ್ಕೆ ಇಳಿಯಿತು ಎನ್ನಿ. ಊರಿನ ಬೆಲೆಪಟ್ಟಿ ಇದ್ದಂತೆಯೇ ಇದೆ, ಅಂಗಡಿಗಳು ಅದಲುಬದಲಾಗಿವೆ, ಅಷ್ಟೇ. ಜೆವನ್ಸ್ ಸೂಚ್ಯಂಕ 100 ಎನ್ನುತ್ತದೆ. ಕಾರ್ಲಿ ಸೂಚ್ಯಂಕ 2 ಮತ್ತು 0.5ರ ಸರಾಸರಿ ತೆಗೆದು 125 ಎನ್ನುತ್ತದೆ. ಮುಂದಿನ ತಿಂಗಳು ಬೆಲೆಗಳು ಮತ್ತೆ ಮೊದಲಿನಂತಾದರೆ ಕಾರ್ಲಿ ಇನ್ನೊಮ್ಮೆ ಶೇ. 25 ಏರಿಸುತ್ತದೆ.

ಇದು ಪುಸ್ತಕದ ತಮಾಷೆಯಲ್ಲ. ಬ್ರಿಟನ್ನಿನ ಚಿಲ್ಲರೆ ಬೆಲೆ ಸೂಚ್ಯಂಕದಲ್ಲಿ ಕಾರ್ಲಿ ಸೂತ್ರ ಉಳಿದುಕೊಂಡಿತ್ತು. 2010ರಲ್ಲಿ ಬಟ್ಟೆಗಳ ಬೆಲೆ ಸಂಗ್ರಹಿಸುವ ಕ್ರಮ ಬದಲಾದಾಗ ಅದಕ್ಕೂ ಅಲ್ಲಿನ ಗ್ರಾಹಕ ಬೆಲೆ ಸೂಚ್ಯಂಕಕ್ಕೂ ಸೂತ್ರದ ದೆಸೆಯಿಂದಲೇ ಇದ್ದ ಅಂತರ ಎದ್ದು ಕಾಣುವಷ್ಟು ಬೆಳೆಯಿತು. ಅಂಕಿಅಂಶ ಕಚೇರಿ ಡೀವರ್ಟ್ ಅವರಿಂದ ವರದಿ ಬರೆಸಿತು. 2012ರ ಆ ವರದಿ ಕಾರ್ಲಿ ಸೂತ್ರ ಕಾಲ ತಿರುಗಿಸುವ ಪರೀಕ್ಷೆಯಲ್ಲಿ ಸೋಲುವುದನ್ನೂ ಅದರ ಏರುಮುಖದ ವಾಲಿಕೆಯನ್ನೂ ವಿವರಿಸಿತು. 2013ರ ಮಾರ್ಚಿನಲ್ಲಿ ಆ ಸೂಚ್ಯಂಕ ರಾಷ್ಟ್ರೀಯ ಅಂಕಿಅಂಶ ಎಂಬ ಮಾನ್ಯತೆಯನ್ನು ಕಳೆದುಕೊಂಡಿತು. ಆದರೂ ಪ್ರಕಟಣೆ ನಿಲ್ಲಲಿಲ್ಲ, ಏಕೆಂದರೆ ಸರ್ಕಾರಿ ಸಾಲಪತ್ರಗಳೂ ಅನೇಕರ ಪಿಂಚಣಿಯೂ ಅದಕ್ಕೆ ಅಂಟಿಕೊಂಡಿದ್ದವು. ಸೂತ್ರ ಕೆಟ್ಟದ್ದೆಂದು ಗೊತ್ತಾದ ಮೇಲೂ ಅದನ್ನು ಬದಲಿಸಲಾಗದ ಸ್ಥಿತಿ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಇಷ್ಟರ ನಡುವೆ ಸೂಪರ್ಲೇಟಿವ್ ಸಿದ್ಧಾಂತಕ್ಕೇ ಒಂದು ಪೆಟ್ಟು ಬಿತ್ತು, ಅದೂ ಅದಕ್ಕೆ ಅತ್ಯಂತ ಅನುಕೂಲವಾಗಬೇಕಿದ್ದ ಕಡೆಯಿಂದ. ಸೂಪರ್‌ಮಾರ್ಕೆಟ್‌ಗಳ ಬಿಲ್ಲಿಂಗ್ ಯಂತ್ರಗಳು ಪ್ರತಿ ವಾರದ ಬೆಲೆಯನ್ನೂ ಪ್ರಮಾಣವನ್ನೂ ಕೊಡತೊಡಗಿದಾಗ, ಪ್ರತಿ ವಾರ ಫಿಶರ್ ಲೆಕ್ಕ ಹಾಕಿ ಕೊಂಡಿ ಹಾಕುತ್ತ ಹೋದರೆ ಸಾಕು ಎಂದು ತೋರುವುದು ಸಹಜ. ಮಾಡಿ ನೋಡೋಣ. ಎರಡು ಬಗೆಯ ಬಟ್ಟೆ ಸೋಪಿನ ಪುಡಿ, ಎರಡಕ್ಕೂ ಬೆಲೆ 100, ಎರಡೂ ವಾರಕ್ಕೆ ಹತ್ತು ಪೊಟ್ಟಣ ಮಾರಾಟವಾಗುತ್ತವೆ. ಎರಡನೆಯ ವಾರ ಮೊದಲನೆಯ ಪುಡಿ ರಿಯಾಯಿತಿಯಲ್ಲಿ 50ಕ್ಕೆ ಸಿಕ್ಕಾಗ ಜನ ಐವತ್ತು ಪೊಟ್ಟಣ ಒಯ್ಯುತ್ತಾರೆ; ಎರಡನೆಯ ಪುಡಿಯ ಬೆಲೆಯೂ ಮಾರಾಟವೂ ಎಲ್ಲ ವಾರ ಮೊದಲಿನಷ್ಟೇ. ಮೂರನೆಯ ವಾರ ಬೆಲೆ ಮತ್ತೆ 100, ಆದರೆ ಮನೆಯಲ್ಲಿ ದಾಸ್ತಾನು ಇರುವುದರಿಂದ ಒಂದೇ ಪೊಟ್ಟಣ ಹೋಗುತ್ತದೆ. ನಾಲ್ಕನೆಯ ವಾರ ಎಲ್ಲವೂ ಮೊದಲಿನಂತೆ, ಹತ್ತು ಮತ್ತು ಹತ್ತು. ಕೊಂಡಿ ಹಾಕಿದ ಫಿಶರ್ ಸೂಚ್ಯಂಕ 100ರಿಂದ 66ಕ್ಕೆ ಇಳಿದು, 89ಕ್ಕೆ ಏರಿ, ಅಲ್ಲೇ ನಿಲ್ಲುತ್ತದೆ. ಬೆಲೆಯೂ ಪ್ರಮಾಣವೂ ಹೊರಟಲ್ಲಿಗೇ ಬಂದಿವೆ, ಸೂಚ್ಯಂಕ ಮಾತ್ರ ಶೇ. 11 ಕೆಳಗೆ ಉಳಿದಿದೆ. ರಿಯಾಯಿತಿ ಬಂದಾಗಲೆಲ್ಲ ಹೀಗೆಯೇ ಜಾರುತ್ತ ಹೋದರೆ ವರ್ಷಾಂತ್ಯಕ್ಕೆ ಬರುವ ಅಂಕಿಗೆ ಅರ್ಥವೇ ಇರುವುದಿಲ್ಲ.

ತಪ್ಪಿದ್ದು ವರ್ಗಮೂಲದಲ್ಲಲ್ಲ. ಕೊಂಡ ವಾರವೇ ಜನ ಅದನ್ನು ಬಳಸಿ ಮುಗಿಸುತ್ತಾರೆ, ಹಿಂದಿನ ವಾರದ ದಾಸ್ತಾನು ಈ ವಾರದ ಆಯ್ಕೆಯನ್ನು ಮುಟ್ಟುವುದಿಲ್ಲ ಎಂಬುದು 1976ರ ಸಿದ್ಧಾಂತದ ಒಳಗಿದ್ದ ಊಹೆ. ಅಗ್ಗವಾದಾಗ ಕೊಂಡಿಟ್ಟುಕೊಳ್ಳುವ ಜನರಿಗೆ ಅದು ಹೊಂದುವುದಿಲ್ಲ. ಸೂತ್ರವೆಂದರೆ ನಡವಳಿಕೆಯ ಊಹೆ ಎಂದು ಹೇಳಿಕೊಟ್ಟವರ ಸೂತ್ರಕ್ಕೇ ಆ ಮಾತು ತಾಗಿತು ಎನ್ನಬಹುದು.

ಪರಿಹಾರವನ್ನೂ ಡೀವರ್ಟ್ ಮತ್ತು ಸಂಗಡಿಗರೇ ಹುಡುಕಿದರು, ಅದು ಸಿಕ್ಕಿದ್ದು ಬೇರೆಯೇ ಜಾಗದಲ್ಲಿ. ದೇಶ ದೇಶಗಳ ನಡುವೆ ಬೆಲೆ ಹೋಲಿಸುವಾಗ ಮೊದಲನೆಯದು ಎರಡನೆಯದು ಎಂಬ ಕ್ರಮವಿಲ್ಲ. ಭಾರತವನ್ನು ನೇರವಾಗಿ ಬ್ರೆಜಿಲ್‌ಗೆ ಹೋಲಿಸಿದರೂ ಕೆನಡಾದ ಮೂಲಕ ಹೋಲಿಸಿದರೂ ಉತ್ತರ ಒಂದೇ ಆಗಬೇಕು. ಅದಕ್ಕಾಗಿ ಎಲ್ಲ ಜೋಡಿಗಳ ಫಿಶರ್ ಸೂಚ್ಯಂಕಗಳನ್ನೂ ಸೇರಿಸಿ ಸರಾಸರಿ ತೆಗೆಯುವ ಜಿಇಕೆಎಸ್ ಎಂಬ ಹಳೆಯ ವಿಧಾನವಿದೆ; ಗಿನಿ, ಎಲ್ಟೆಟೊ, ಕೊವೆಶ್, ಶುಲ್ಟ್ಸ್ ಎಂಬ ನಾಲ್ವರ ಹೆಸರಿನ ಮೊದಲ ಅಕ್ಷರಗಳು ಅವು. ವಿಶ್ವಬ್ಯಾಂಕಿನ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮದಲ್ಲಿ, ನಮ್ಮ ರೂಪಾಯಿಯ ಕೊಳ್ಳುವ ಶಕ್ತಿಯನ್ನು ಡಾಲರಿಗೆ ಹೋಲಿಸುವಲ್ಲಿ, ಬಳಕೆಯಾಗುವುದು ಇದೇ. ದೇಶಗಳ ಜಾಗದಲ್ಲಿ ತಿಂಗಳುಗಳನ್ನು ಇಟ್ಟರೆ ಏನಾಗುತ್ತದೆ? ಇವಾನ್ಸಿಕ್, ಡೀವರ್ಟ್ ಮತ್ತು ಫಾಕ್ಸ್ 2011ರಲ್ಲಿ ಕೇಳಿದ್ದು ಇದನ್ನೇ. ಹದಿಮೂರು ತಿಂಗಳ ಕಿಟಕಿಯೊಂದನ್ನು ತೆಗೆದುಕೊಂಡು, ಅದರೊಳಗಿನ ಎಲ್ಲ ತಿಂಗಳುಗಳನ್ನೂ ಪರಸ್ಪರ ಹೋಲಿಸಿ, ಹೊಸ ತಿಂಗಳು ಬಂದಂತೆ ಕಿಟಕಿಯನ್ನು ಒಂದು ಹೆಜ್ಜೆ ಮುಂದೆ ಸರಿಸುವ ಕ್ರಮವನ್ನು ಅವರು ಸೂಚಿಸಿದರು. ಕಿಟಕಿಯೊಳಗೆ ಜಾರುವಿಕೆ ಇಲ್ಲ; ಕಿಟಕಿಗಳನ್ನು ಬೆಸೆಯುವಲ್ಲಿ ಅಲ್ಪಸ್ವಲ್ಪ ಉಳಿಯಬಹುದು, ಅದರ ಚರ್ಚೆ ಈಗಲೂ ನಡೆದಿದೆ. ಆಸ್ಟ್ರೇಲಿಯಾ 2017ರ ಕೊನೆಯ ತ್ರೈಮಾಸಿಕದಿಂದ ಸೂಪರ್‌ಮಾರ್ಕೆಟ್ ದತ್ತಾಂಶಕ್ಕೆ ಈ ಜಾತಿಯ ವಿಧಾನವನ್ನೇ ಅಳವಡಿಸಿಕೊಂಡಿತು.

2020ರ ಲಾಕ್‌ಡೌನ್ ಕಾಲದಲ್ಲಿ ಡೀವರ್ಟ್ ಅವರೂ ಕೆವಿನ್ ಫಾಕ್ಸ್ ಅವರೂ ಎತ್ತಿದ ಪ್ರಶ್ನೆಯೂ ಇದೇ ಧಾಟಿಯದು. ಹೋಟೆಲು, ಸಿನಿಮಾ, ವಿಮಾನಯಾನ ಸಿಗುವುದೇ ಇಲ್ಲವಾದಾಗ ಹಳೆಯ ಬೆಲೆಯನ್ನೇ ಮುಂದಕ್ಕೆ ಎಳೆದು ಬರೆಯುವುದು ವಾಡಿಕೆ. ಸಿಗದ ಸರಕಿನ ಬೆಲೆ ಬೇಡಿಕೆ ಸೊನ್ನೆಯಾಗುವಷ್ಟು ಎತ್ತರದ್ದು ಎಂಬ ಹಿಕ್ಸ್ ಅವರ ಹಳೆಯ ಮಾತನ್ನು ಹಿಡಿದು ನೋಡಿದರೆ, ಹಾಗೆ ಎಳೆದ ಸೂಚ್ಯಂಕ ಜೀವನವೆಚ್ಚದ ಏರಿಕೆಯನ್ನು ಕಡಿಮೆ ತೋರಿಸುತ್ತದೆ ಎಂದು ಅವರು ತೋರಿಸಿದರು.

ಇನ್ನು ನಿಮ್ಮ ತಂದೆಯವರ ತುಟ್ಟಿಭತ್ಯೆ. ಅವರದು ಕೇಂದ್ರ ಸರ್ಕಾರದ ನೌಕರಿಯಾಗಿದ್ದರೆ ಭತ್ಯೆಯ ಲೆಕ್ಕಕ್ಕೆ ಆಧಾರ ಲೇಬರ್ ಬ್ಯೂರೊ ಪ್ರಕಟಿಸುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಹನ್ನೆರಡು ತಿಂಗಳ ಸರಾಸರಿ. ಮೇಲುಹಂತದಲ್ಲಿ ಅದು ಲಾಸ್ಪೇರ್ಸ್ ಮಾದರಿಯ ಸ್ಥಿರ ತೂಕದ ಸೂಚ್ಯಂಕವೇ. ಆದರೆ 2016ನ್ನು ಆಧಾರ ವರ್ಷವಾಗಿಟ್ಟು 2020ರ ಅಕ್ಟೋಬರ್‌ನಲ್ಲಿ ಬಂದ ಸರಣಿಯಲ್ಲಿ ಎರಡು ಸಂಗತಿಗಳು ಬದಲಾದವು. ಒಂದು, ತಳಮಟ್ಟದಲ್ಲಿ ಕೂಡಿ ಭಾಗಿಸುವ ಸರಾಸರಿ ಹೋಗಿ ಗುಣೋತ್ತರ ಸರಾಸರಿ ಬಂತು. ಅಂಗಡಿಗಳ ಬೆಲೆ ಅದಲುಬದಲಾದ ಮಾತ್ರಕ್ಕೆ ಸೂಚ್ಯಂಕ ಏರುವ ದೋಷ ಅಲ್ಲಿಗೆ ನಿಂತಿತು. ಇದೇ ಬದಲಾವಣೆ 2012 ಆಧಾರದ ಸಾಮಾನ್ಯ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ 2015ರಲ್ಲೇ ಆಗಿತ್ತು. ಎರಡು, ಆಹಾರದ ತೂಕ ಶೇ. 46ರಿಂದ ಶೇ. 39ಕ್ಕೆ ಇಳಿಯಿತು. ಅದರ ಹಿಂದಿನ ಸರಣಿಯ ಆಧಾರ ವರ್ಷ 2001, ಅಂದರೆ 2020ರ ವರೆಗೂ ಭತ್ಯೆಯನ್ನು ತೂಗುತ್ತಿದ್ದದ್ದು ಶತಮಾನದ ಆರಂಭದ ಬುಟ್ಟಿಯಿಂದ. ಹಳೆಯದನ್ನು ಹೊಸದಕ್ಕೆ ಜೋಡಿಸುವ ಗುಣಕ 2.88. ಸೂತ್ರದ ಆಯ್ಕೆಗಿಂತ ತೂಕಗಳ ಹಳಸುವಿಕೆಯೇ ನಮ್ಮಲ್ಲಿ ದೊಡ್ಡ ಸಮಸ್ಯೆ ಎಂಬುದು ನನ್ನ ಅಭಿಪ್ರಾಯ. ಸೂಪರ್ಲೇಟಿವ್ ಸೂತ್ರಕ್ಕೆ ಚಾಲ್ತಿ ಅವಧಿಯ ಪ್ರಮಾಣಗಳು ಬೇಕು, ಬಳಕೆ ವೆಚ್ಚದ ಸಮೀಕ್ಷೆ ಹಲವು ವರ್ಷಗಳ ಅಂತರದಲ್ಲಿ ನಡೆಯುವ ಕಡೆ ಅದರ ಮಾತು ದೂರದ್ದು.

ಈ ವಿಷಯದಲ್ಲಿ ಮುಂದುವರಿಯುವ ಮನಸ್ಸಿದ್ದರೆ 1976ರ ಲೇಖನದಿಂದ ಆರಂಭಿಸಬೇಡಿ, ಗಣಿತದ ದಟ್ಟಣೆ ಎದೆಗುಂದಿಸೀತು. ಮೇಲೆ ಹೇಳಿದ 2004ರ ಕೈಪಿಡಿ ಉಚಿತವಾಗಿ ಸಿಗುತ್ತದೆ. ಅದರ ಹದಿನೈದನೆಯ ಅಧ್ಯಾಯದಲ್ಲಿ ಮೂಲ ಸೂತ್ರಗಳೂ, ಹದಿನಾರನೆಯದರಲ್ಲಿ ಫಿಶರ್ ಸೂತ್ರ ದಾಟುವ ಇಪ್ಪತ್ತು ಪರೀಕ್ಷೆಗಳೂ, ಹದಿನೇಳನೆಯದರಲ್ಲಿ ತುಷ್ಟಿಗುಣದ ಕಡೆಯಿಂದ ಬರುವ ಸಿದ್ಧಾಂತವೂ ಇವೆ. ನನ್ನ ಸಲಹೆ ಕೇಳಿದರೆ ಇಪ್ಪತ್ತನೆಯ ಅಧ್ಯಾಯವನ್ನು ಮೊದಲು ಓದಿ. ಕಾರ್ಲಿ, ಜೆವನ್ಸ್ ಜಗಳ ಅಲ್ಲಿದೆ, ಮತ್ತು ಅದನ್ನು ನಿಮ್ಮ ಊರಿನ ನಾಲ್ಕು ಅಂಗಡಿಗಳ ಬೆಲೆ ಬರೆದುಕೊಂಡು ಕಾಗದದ ಮೇಲೆಯೇ ಪರೀಕ್ಷಿಸಿ ನೋಡಬಹುದು.